ಮನೆ ಯಾರದೆಂದು ಪತ್ರ ಹೇಳಬೇಕು

ವರದಕ್ಷಿಣೆ ಎಂದ ಕೂಡಲೇ ನಮಗೆ ನೆನಪಾಗುವುದು ಬಂಗಾರ, ನಗದು, ಬೈಕು. ಸೈಟು ಮತ್ತು ಮನೆ ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಹಲವು ವರ್ಷಗಳಿಂದ ಸಂಘದ ಸಭೆಗಳಲ್ಲಿ ಹೆಂಗಸರ ಕಷ್ಟ ಕೇಳುತ್ತಾ, ಅವರು ಸೆರಗಿನಲ್ಲಿ ಸುತ್ತಿ ತಂದ ಕಾಗದಗಳನ್ನು ಓದಿ ಹೇಳುತ್ತಾ ಬಂದವಳು ನಾನು. ಈ ಅನುಭವದಿಂದ ಒಂದು ಮಾತು ನನಗೆ ಸ್ಪಷ್ಟವಾಗಿದೆ. ತವರಿನಿಂದ ಬಂದ ಹಣದ ದೊಡ್ಡ ಪಾಲು ಕೊನೆಗೆ ಗೋಡೆಯಾಗಿ, ಛಾವಣಿಯಾಗಿ ನಿಲ್ಲುತ್ತದೆ. ಅಪ್ಪ ಕೊಟ್ಟ ದುಡ್ಡಿನಲ್ಲಿ ಸೈಟು, ಸರ ಮಾರಿ ತಳಪಾಯ, ಸಂಘದ ಸಾಲದಲ್ಲಿ ತಗಡಿನ ಮಾಡು. ಪತ್ರ ಮಾತ್ರ ಗಂಡನ ಹೆಸರಿನಲ್ಲಿ, ಇಲ್ಲವೇ ಮಾವನ ಹೆಸರಿನಲ್ಲಿ. ಜಗಳವಾದ ದಿನ ಅವಳ ಕಿವಿಗೆ ಬೀಳುವ ಮೊದಲ ಮಾತು: 'ನನ್ನ ಮನೆಯಿಂದ ಆಚೆ ನಡೆ.'

ಈ 'ನನ್ನ ಮನೆ' ಎಂಬ ಮಾತಿಗೆ ಹೊಡೆತದಷ್ಟೇ ಬಲವಿದೆ. ಎಷ್ಟೋ ಹೆಂಗಸರು ಹೊಡೆತ ತಿಂದೂ ಸುಮ್ಮನಿರುವುದು ಹೊಡೆತ ಸಹಿಸಬಲ್ಲೆವೆಂದಲ್ಲ, ಹೋಗಲು ಜಾಗವಿಲ್ಲವೆಂದು. ಆದ್ದರಿಂದ ದೌರ್ಜನ್ಯದ ವಿರುದ್ಧ ನಮ್ಮ ಹೋರಾಟ ಪೊಲೀಸ್ ಠಾಣೆ ಮತ್ತು ಕೋರ್ಟಿನ ಬಾಗಿಲಲ್ಲಿ ಮಾತ್ರ ನಡೆದರೆ ಸಾಲದು, ಉಪನೋಂದಣಾಧಿಕಾರಿ ಕಚೇರಿಯ ಬಾಗಿಲಲ್ಲೂ ನಡೆಯಬೇಕು ಎಂಬುದು ನನ್ನ ಅಭಿಪ್ರಾಯ.

ಇದು ಬರಿಯ ಊಹೆಯಲ್ಲ. ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲ್ ಮತ್ತು ಪ್ರದೀಪ್ ಪಂಡಾ ಕೇರಳದ ತಿರುವನಂತಪುರಂ ಜಿಲ್ಲೆಯಲ್ಲಿ ಮದುವೆಯಾದ ಸುಮಾರು 500 ಹೆಂಗಸರನ್ನು ಮಾತಾಡಿಸಿ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಮನೆಯೂ ಇಲ್ಲದ, ಜಮೀನೂ ಇಲ್ಲದ ಹೆಂಗಸರಲ್ಲಿ ಶೇಕಡಾ 49 ಮಂದಿ ಗಂಡನಿಂದ ಏಟು ತಿಂದಿದ್ದರು. ತಮ್ಮ ಹೆಸರಿನಲ್ಲಿ ಮನೆ ಇದ್ದವರಲ್ಲಿ ಈ ಪ್ರಮಾಣ ಶೇಕಡಾ 10. ಮನೆ ಜಮೀನು ಎರಡೂ ಇದ್ದವರಲ್ಲಿ ಶೇಕಡಾ 7. ಓದು, ನೌಕರಿ ಇದ್ದೂ ಏಟು ತಿನ್ನುವ ಹೆಂಗಸರನ್ನು ನಾವು ಕಂಡಿದ್ದೇವೆ. ಕಾಲ ಕೆಳಗಿನ ನೆಲ ತನ್ನದಾದಾಗ ಬರುವ ಧೈರ್ಯವೇ ಬೇರೆ.

ಯಾವ ಕಾಗದಕ್ಕೆ ಎಷ್ಟು ಬೆಲೆ?

'ಮನೆ ನನ್ನ ಹೆಸರಿಗೇ ಇದೆ' ಎಂದು ಹೇಳುವ ಅಕ್ಕಂದಿರ ಕೈಯಲ್ಲಿ ಹಲವು ಸಲ ಇರುವುದು ಕಂದಾಯದ ರಸೀದಿ ಅಥವಾ ಕರೆಂಟ್ ಬಿಲ್ಲು. ಇವು ಮಾಲೀಕತ್ವದ ಪತ್ರಗಳಲ್ಲ. ಖಾತೆಯೂ ಕೂಡ ಮಾಲೀಕತ್ವ ಕೊಡುವುದಿಲ್ಲ. ಕಂದಾಯ ಯಾರು ಕಟ್ಟಬೇಕೆಂದು ಪಂಚಾಯಿತಿ, ಪುರಸಭೆ ಬರೆದಿಟ್ಟುಕೊಳ್ಳುವ ಲೆಕ್ಕ ಅದು. ಈಗ ಇ-ಖಾತೆ ಬಂದಿದೆ, ನೋಂದಣಿಗೆ ಅದನ್ನು ಕೇಳುತ್ತಾರೆ. ಆದರೂ ಖಾತೆ ಖಾತೆಯೇ, ಕ್ರಯಪತ್ರ ಕ್ರಯಪತ್ರವೇ.

1882ರ ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟವಾಗಬೇಕಾದರೆ ನೋಂದಾಯಿತ ಪತ್ರ ಬೇಕು. ಛಾಪಾ ಕಾಗದದ ಮೇಲೆ ಬರೆದ ಕ್ರಯದ ಕರಾರು ಮಾರಾಟವಲ್ಲ. ಮುಂದೆ ಮಾರುತ್ತೇನೆ ಎಂಬ ಮಾತು ಅಷ್ಟೆ. ಜಿ.ಪಿ.ಎ. ಬರೆಸಿಕೊಂಡು ಸೈಟು ಕೊಳ್ಳುವುದು ನಮ್ಮ ನಗರಗಳ ಅಂಚಿನ ಬಡಾವಣೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಅಂಥ ವ್ಯವಹಾರದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲಿ, ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ, ಬಿಡಿಸಿ ಹೇಳಿದೆ. 'ಎಲ್ಲರೂ ಹೀಗೇ ಕೊಳ್ಳುತ್ತಾರೆ' ಎನ್ನುವ ದಳ್ಳಾಳಿ ಆ ತೀರ್ಪಿನ ಮಾತು ಎತ್ತುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ನೋಂದಣಿ ಕಚೇರಿಯಲ್ಲಿ ಎಲ್ಲವನ್ನೂ ಪರೀಕ್ಷೆ ಮಾಡಿಯೇ ಮೊಹರು ಹಾಕುತ್ತಾರೆ ಎಂದು ನಾವು ನಂಬುತ್ತೇವೆ. ಮಾರುವವನಿಗೆ ನಿಜವಾಗಿ ಹಕ್ಕಿದೆಯೇ ಎಂದು ವಿಚಾರಣೆ ನಡೆಸುವುದು ಆ ಕಚೇರಿಯ ಕೆಲಸವಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು. ಮಾರುವವನಿಗೆ ಆಸ್ತಿ ಹೇಗೆ ಬಂತು, ಅವನಿಗಿಂತ ಹಿಂದಿನವರಿಗೆ ಹೇಗೆ ಬಂತು, ಮನೆಯ ಹೆಣ್ಣುಮಕ್ಕಳೆಲ್ಲ ಸಹಿ ಹಾಕಿದ್ದಾರೆಯೇ, ಋಣಭಾರ ಪತ್ರದಲ್ಲಿ ಏನಿದೆ, ಚೆಕ್ಕುಬಂದಿ ಸರಿಯಿದೆಯೇ, ಇವೆಲ್ಲ ಕೇಳಬೇಕಾದ ಪ್ರಶ್ನೆಗಳು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕರ್ನಾಟಕದ ಕಾಯಿದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. ಕೊಂಡವಳ ಹಣವೂ ಹೋಗುತ್ತದೆ, ಮನೆಯೂ ಹೋಗುತ್ತದೆ.

ಸಾಲಕ್ಕೆ ಸಹಿ ಬೇಕು, ಪತ್ರಕ್ಕೆ ಬೇಡ!

ನನ್ನ ಸಿಟ್ಟು ಹೆಚ್ಚು ಇರುವುದು ಇಲ್ಲಿ. ಮನೆಸಾಲ ಕೊಡುವಾಗ ಬ್ಯಾಂಕುಗಳು ಹೆಂಡತಿಯನ್ನು ಸಹಸಾಲಗಾರಳನ್ನಾಗಿ ಸೇರಿಸಿಕೊಳ್ಳುವುದು ಸಾಮಾನ್ಯ. ಹತ್ತಾರು ಕಡೆ ಸಹಿ ಹಾಕಿಸುತ್ತಾರೆ. ಸಾಲ ತೀರಿಸುವ ಹೊಣೆ ಅವಳ ಮೇಲೂ ಬೀಳುತ್ತದೆ. ಅದೇ ಮನೆಯ ಕ್ರಯಪತ್ರ ತೆಗೆದು ನೋಡಿದರೆ ಅವಳ ಹೆಸರೇ ಇಲ್ಲ! ಸಹಸಾಲಗಾರಳು ಬೇರೆ, ಸಹಮಾಲೀಕಳು ಬೇರೆ. ಗಂಡ ಕಂತು ನಿಲ್ಲಿಸಿದರೆ ನೋಟೀಸು ಅವಳಿಗೂ ಬರುತ್ತದೆ. ಗಂಡ ಮನೆ ಮಾರಿದರೆ ಹಣ ಅವನಿಗೊಬ್ಬನಿಗೇ ಸೇರುತ್ತದೆ.

ನಮ್ಮ ಸ್ವಸಹಾಯ ಗುಂಪುಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ನಬಾರ್ಡ್ 1992ರಲ್ಲಿ 500 ಗುಂಪುಗಳೊಡನೆ ಆರಂಭಿಸಿದ ಬ್ಯಾಂಕ್ ಜೋಡಣೆ ಇಂದು ಹಳ್ಳಿಹಳ್ಳಿಗೂ ಬಂದಿದೆ. ವಾರದ ಉಳಿತಾಯ ನಮ್ಮದು, ಸಾಲದ ಪುಸ್ತಕ ನಮ್ಮದು, ಕಂತು ತಪ್ಪಿದರೆ ಮರ್ಯಾದೆ ಹೋಗುವುದೂ ನಮ್ಮದೇ. ಆ ಸಾಲದಲ್ಲಿ ಎದ್ದ ಗೋಡೆ ಮಾತ್ರ ಇನ್ನೊಬ್ಬರದು. ಇದಕ್ಕೆ ಒಂದು ಕಟ್ಟುಪಾಡು ಬೇಕು. ಮನೆ ಕಟ್ಟಲು, ಸೈಟು ಕೊಳ್ಳಲು ಸಂಘದಿಂದ ಸಾಲ ಕೊಡುವಾಗ ಪತ್ರದಲ್ಲಿ ಸದಸ್ಯೆಯ ಹೆಸರು ಇದೆಯೇ ಎಂದು ಸಂಘ ಕೇಳಬೇಕು. ಇಲ್ಲದಿದ್ದರೆ ಸೇರಿಸಿಕೊಂಡು ಬಾ ಎಂದು ಹೇಳಬೇಕು.

ಹೆಸರು ಸೇರಿಸುವಾಗ ಎರಡು ವಿಷಯ ಗಮನದಲ್ಲಿರಲಿ. ಜಂಟಿ ಹೆಸರಿನಲ್ಲಿ ಕೊಳ್ಳುವಾಗ ಯಾರ ಪಾಲು ಎಷ್ಟು ಎಂದು ಬರೆಸಬೇಕು. ಬರೆಸದಿದ್ದರೆ ಯಾರು ಎಷ್ಟು ಹಣ ಹಾಕಿದರು ಎಂಬ ಲೆಕ್ಕಕ್ಕೆ ಮುಂದೆ ಜಗಳ ಬರುತ್ತದೆ. ಮನೆಗೆಲಸಕ್ಕೆ, ಮಕ್ಕಳ ಪಾಲನೆಗೆ ಆ ಲೆಕ್ಕದಲ್ಲಿ ಜಾಗವಿರುವುದಿಲ್ಲ. ಎರಡನೆಯದು, ನಿಮ್ಮ ಹಣ ಹೋಗಿದ್ದರೆ ಅದು ಬ್ಯಾಂಕಿನ ಮೂಲಕವೇ ಹೋಗಲಿ, ಪತ್ರದಲ್ಲಿಯೂ ಅದರ ಮಾತು ಬರಲಿ. ಕೈಯಿಂದ ಕೈಗೆ ಹೋದ ದುಡ್ಡಿಗೆ ಕೋರ್ಟಿನಲ್ಲಿ ಸಾಕ್ಷಿ ಹುಡುಕುವುದು ಕಷ್ಟ.

ಈಗಾಗಲೇ ಗಂಡನ ಹೆಸರಿನಲ್ಲಿರುವ ಮನೆಗೂ ದಾರಿ ಇದೆ. ಕರ್ನಾಟಕದಲ್ಲಿ ಹೆಂಡತಿಗೆ ದಾನಪತ್ರ ಬರೆದುಕೊಟ್ಟರೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾವಾರು ಮುದ್ರಾಂಕ ಶುಲ್ಕ ಬೀಳುವುದಿಲ್ಲ, ನಿಗದಿಯಾದ ಸಣ್ಣ ಮೊತ್ತ ಸಾಕು. ಮನೆಯ ಅರ್ಧ ಪಾಲನ್ನೂ ಹೀಗೆ ಬರೆದುಕೊಡಬಹುದು. ಬ್ಯಾಂಕಿಗೆ ಅಡವಾಗಿರುವ ಮನೆಯಾದರೆ ಬ್ಯಾಂಕಿನ ಒಪ್ಪಿಗೆ ಬೇಕಾಗುತ್ತದೆ.

ಭೋಗ್ಯದ ಮನೆಯ ಅಪಾಯ

ಸ್ವಂತ ಮನೆ ಎಲ್ಲರಿಗೂ ಎಲ್ಲಿ ಬಂತು? ಬೆಂಗಳೂರಿನಲ್ಲಿ, ಇತರ ಊರುಗಳಲ್ಲಿ ನಮ್ಮಂಥವರು ಭೋಗ್ಯಕ್ಕೆ ಮನೆ ಹಿಡಿಯುತ್ತೇವೆ. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಹೊರಡುವಾಗ ಹಣ ವಾಪಸು ಪಡೆಯುವ ಪದ್ಧತಿ. ಈ ಲಕ್ಷಗಳು ಬರುವುದು ಎಷ್ಟೋ ಸಲ ನಮ್ಮ ಒಡವೆಯಿಂದ, ನಮ್ಮ ಸಂಘದಿಂದ. ಕರಾರು ಆಗುವುದು ಒಂದು ಛಾಪಾ ಕಾಗದದ ಮೇಲೆ, ನೋಂದಣಿಯಿಲ್ಲದೆ, ಗಂಡನ ಹೆಸರಿನಲ್ಲಿ.

ಒಂದು ವರ್ಷ ಮೀರಿದ ಗುತ್ತಿಗೆ ಕರಾರನ್ನು ನೋಂದಾಯಿಸಬೇಕು ಎನ್ನುತ್ತದೆ ಕಾಯಿದೆ. ಬಡ್ಡಿಯ ಬದಲು ಮನೆಯ ಅನುಭವ ಕೊಡುವ ಸ್ವಾಧೀನ ಅಡಮಾನವೆಂದು ಎಣಿಸಿದರೂ ನೋಂದಣಿ ಬೇಕು, ಇಬ್ಬರು ಸಾಕ್ಷಿಗಳು ಬೇಕು. ನೋಂದಣಿಯಾಗದ ಭೋಗ್ಯ ಪತ್ರ ಹಿಡಿದವಳ ಎದುರಿಗೆ ಮನೆಯ ಮೇಲೆ ಮೊದಲೇ ಸಾಲ ಕೊಟ್ಟ ಬ್ಯಾಂಕು ಬಂದು ನಿಂತರೆ ಗೆಲ್ಲುವುದು ಬ್ಯಾಂಕು. 2002ರ ಸರ್ಫೇಸಿ ಕಾಯಿದೆ ಬಂದ ಮೇಲೆ ಸಾಲ ವಸೂಲಿಗೆ ಬ್ಯಾಂಕುಗಳು ಸಿವಿಲ್ ದಾವೆ ಹೂಡದೆಯೇ ಮನೆ ವಶಪಡಿಸಿಕೊಂಡು ಹರಾಜು ಹಾಕಬಹುದು. ಮನೆಯ ಒಡೆಯನ ಬಾಕಿಗೆ ಭೋಗ್ಯದವರು ಬೀದಿಗೆ ಬೀಳುತ್ತಾರೆ.

ಹಾಗಾಗಿ ಭೋಗ್ಯಕ್ಕೆ ಹಣ ಕೊಡುವ ಮೊದಲು ಋಣಭಾರ ಪತ್ರ ತೆಗೆಸಿ. ಅಷ್ಟಕ್ಕೇ ನಿಲ್ಲಬೇಡಿ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಋಣಭಾರ ಪತ್ರದಲ್ಲಿ ಕಾಣದೆಯೂ ಇರಬಹುದು. ಒಡೆಯನ ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. ಜೆರಾಕ್ಸ್ ಪ್ರತಿ ತೋರಿಸಿ, ಮೂಲ ಪತ್ರ ಊರಿನಲ್ಲಿದೆ ಎಂದರೆ ಅನುಮಾನ ಪಡಿ. ಕರಾರು ನೋಂದಣಿ ಮಾಡಿಸಿ. ಅದರಲ್ಲಿ ಹೆಂಡತಿಯ ಹೆಸರೂ ಇರಲಿ. ಇಲ್ಲದಿದ್ದರೆ ಮನೆ ಬಿಡುವ ದಿನ ಅವಳ ಒಡವೆಯ ಹಣ ಗಂಡನ ಕೈ ಸೇರಿ, ಅಲ್ಲಿಂದ ಎಲ್ಲಿ ಹೋಯಿತೆಂದು ಅವಳಿಗೆ ತಿಳಿಯುವುದಿಲ್ಲ.

ಇದೇ ಜಾತಿಯ ಇನ್ನೊಂದು ಪತ್ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಂಥ ಸಂಸ್ಥೆಗಳು ಸೈಟು ಹಂಚುವಾಗ ಮಾಡಿಕೊಡುವ ಲೀಸ್ ಕಮ್ ಸೇಲ್ ಕರಾರು. 1984ರ ಹಂಚಿಕೆ ನಿಯಮಗಳಲ್ಲಿ ಇದರ ಅವಧಿ 10 ವರ್ಷ. ಅಷ್ಟು ಕಾಲ ಸೈಟು ಪಡೆದವರು ಗುತ್ತಿಗೆದಾರರು ಮಾತ್ರ. ಷರತ್ತು ಪಾಲಿಸಿ ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ ಸಿಗುತ್ತದೆ. ಈ ನಡುವೆ ಅಂಥ ಸೈಟನ್ನು ಕರಾರು ಮತ್ತು ಜಿ.ಪಿ.ಎ. ಮೇಲೆ ಕೊಂಡವರು ಬೇರೆಯವರ ಗುತ್ತಿಗೆಯನ್ನು ಕೊಂಡಂತೆ. ಆಶ್ರಯ ಮನೆಗಳ ಹಕ್ಕುಪತ್ರದಲ್ಲಿಯೂ ಇಷ್ಟು ವರ್ಷ ಪರಭಾರೆ ಮಾಡಬಾರದು ಎಂಬ ಷರತ್ತು ಇರುತ್ತದೆ. ಹಕ್ಕುಪತ್ರ ಹೆಂಡತಿಯ ಹೆಸರಿನಲ್ಲಿದ್ದು, ಗಂಡ ಕುಡಿತದ ಸಾಲಕ್ಕೆ ಅದನ್ನು ಕೈಸಾಲದವನ ಬಳಿ ಇಟ್ಟಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅವಳು ಸಹಿ ಹಾಕಿ ನೋಂದಾಯಿಸಿ ಕೊಡದೆ ಆ ಮನೆ ಬೇರೆಯವರ ಪಾಲಾಗುವುದಿಲ್ಲ. ಇದು ಅವಳಿಗೆ ತಿಳಿದಿರಬೇಕು.

ಅರಿಶಿನ ಕುಂಕುಮದ ಲೆಕ್ಕ

ಮನೆ ಮಾರುವ ಕಾಲಕ್ಕೆ ತವರಿಗೆ ಇದ್ದಕ್ಕಿದ್ದಂತೆ ಮಗಳ ನೆನಪಾಗುತ್ತದೆ. ಕಾರು ಕಳಿಸುತ್ತಾರೆ, ಸೀರೆ ಕೊಡುತ್ತಾರೆ, ನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. 'ಅರಿಶಿನ ಕುಂಕುಮಕ್ಕೆ' ಎಂದು ಒಂದಷ್ಟು ಹಣ ಮಡಿಲಿಗೆ ಹಾಕುತ್ತಾರೆ. ಇಲ್ಲಿ ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಹೆದರಿಕೆ. ಸಹಿ ಹಾಕಿದರೆ ಗಂಡನ ಮನೆಯಲ್ಲಿ 'ಬರಿಗೈಯಲ್ಲಿ ಬಂದೆ' ಎಂಬ ಮೂದಲಿಕೆ. ಮದುವೆಗೆ ಕೊಟ್ಟ ವರದಕ್ಷಿಣೆಯೇ ನಿನ್ನ ಪಾಲು ಎಂದು ಅಣ್ಣ ಹೇಳುತ್ತಾನೆ. ಆ ವರದಕ್ಷಿಣೆ ಅವಳ ಕೈಗೆ ಯಾವತ್ತೂ ಬಂದದ್ದಲ್ಲ.

ಕಾನೂನು ಏನು ಹೇಳುತ್ತದೆ? ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಕರ್ನಾಟಕ 1994ರ ಜುಲೈ 30ರಿಂದಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ದೇಶದಾದ್ಯಂತ ಮದುವೆಯಾದವರಿಗೂ ಆಗದವರಿಗೂ ಅದು ಸಿಕ್ಕಿತು. ಆ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ನಡೆದುಹೋದ ಪಾಲು, ಮಾರಾಟಗಳನ್ನು ಮಾತ್ರ ಕೆದಕುವಂತಿಲ್ಲ. ಇನ್ನೊಂದು ಬದಲಾವಣೆ ನಮಗೆ ಅಷ್ಟೇ ಮುಖ್ಯ. ವಾಸದ ಮನೆಯನ್ನು ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂದು 1956ರ ಕಾಯಿದೆಯ 23ನೇ ಕಲಂ ಹೇಳುತ್ತಿತ್ತು. 2005ರಲ್ಲಿ ಅದನ್ನು ಕಿತ್ತುಹಾಕಲಾಯಿತು. ಕ್ರೈಸ್ತ ಸೋದರಿಯರಿಗೆ, ತಂದೆ ಉಯಿಲು ಬರೆಯದೆ ತೀರಿಕೊಂಡರೆ, 1925ರ ಕಾಯಿದೆಯಂತೆ ಗಂಡುಮಕ್ಕಳ ಸಮ ಪಾಲಿದೆ. ಮುಸ್ಲಿಂ ಸೋದರಿಯರಿಗೆ ಮಗನ ಪಾಲಿನ ಅರ್ಧದಷ್ಟು ಇದೆ. ಪಾಲು ಎಷ್ಟೇ ಇರಲಿ, ಅದನ್ನು ಬಿಡಿಸಿಕೊಳ್ಳುವ ತಂತ್ರ ಎಲ್ಲ ಮನೆಗಳಲ್ಲೂ ಒಂದೇ.

ಬಿಳಿ ಹಾಳೆಯ ಮೇಲಿನ ಖುಲಾಸೆಯಿಂದ ಸಾಮಾನ್ಯವಾಗಿ ಹಕ್ಕು ಹೋಗುವುದಿಲ್ಲ. ನೋಂದಾಯಿತ ಖುಲಾಸೆಯಿಂದ ಹೋಗುತ್ತದೆ. ಮೋಸ, ಬೆದರಿಕೆಯಿಂದ ಸಹಿ ಮಾಡಿಸಿಕೊಂಡರೆ ಸಿವಿಲ್ ಕೋರ್ಟಿಗೆ ಹೋಗಬಹುದು. ಆದರೆ ವಿಷಯ ತಿಳಿದ 3 ವರ್ಷದೊಳಗೆ ಹೋಗಬೇಕು, ಅದನ್ನು ಸಾಬೀತುಪಡಿಸುವ ಭಾರವೂ ಅವಳದೇ. ಪ್ರೀತಿಯಿಂದ ಬಿಟ್ಟುಕೊಡುವುದು ಅವಳ ಇಷ್ಟ. ಏನನ್ನು ಬಿಟ್ಟುಕೊಡುತ್ತಿದ್ದೇನೆ, ಅದರ ಬೆಲೆ ಎಷ್ಟು ಎಂದು ತಿಳಿಯದೆ ಬಿಟ್ಟುಕೊಡುವುದನ್ನು ಪ್ರೀತಿ ಎನ್ನಲಾರೆ.

ವರದಕ್ಷಿಣೆಯಾಗಿ ಹೋದ ಸೈಟಿನ ಮಾತೂ ಹೇಳಬೇಕು. ಅಳಿಯನ ಹೆಸರಿಗೆ ಸೈಟು ಮಾಡಿಸಿಕೊಡುವುದು ಈಗ ಮಧ್ಯಮ ವರ್ಗದ ಹೊಸ ಪದ್ಧತಿ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ 6ನೇ ಕಲಮಿನಂತೆ ವರದಕ್ಷಿಣೆಯನ್ನು ಯಾರೇ ಪಡೆದಿರಲಿ, 3 ತಿಂಗಳೊಳಗೆ ಅದನ್ನು ಹೆಣ್ಣಿಗೆ ವರ್ಗಾಯಿಸಬೇಕು. ಮದುವೆಗೆ ಮೊದಲೇ ಪಡೆದಿದ್ದರೆ ಮದುವೆಯಾದ 3 ತಿಂಗಳೊಳಗೆ. ಅಲ್ಲಿಯವರೆಗೆ ಅದು ಅವಳ ಹೆಸರಿನ ನಂಬಿಕೆಯ ಸ್ವತ್ತು. ವರ್ಗಾಯಿಸದಿದ್ದರೆ ಶಿಕ್ಷೆ ಉಂಟು. ವರದಕ್ಷಿಣೆ ಕೊಡಬಾರದು, ಪಡೆಯಬಾರದು. ಈ ಮಾತಿನಲ್ಲಿ ನಮಗೆ ರಾಜಿಯಿಲ್ಲ. ಮಗಳಿಗೆ ಆಸ್ತಿ ಕೊಡುವ ಮನಸ್ಸಿದ್ದ ತಂದೆತಾಯಿ ಅವಳ ಹೆಸರಿಗೇ, ಅವಳ ಪಾಲೆಂದೇ ಬರೆದುಕೊಡಲಿ. ಅದಕ್ಕೆ ಮದುವೆಯ ಮುಹೂರ್ತ ಬೇಕಿಲ್ಲ.

ಗಂಡ ಮನೆ ಮಾರಲು ಹೊರಟಾಗ

ಹೆಂಡತಿಯನ್ನು ಹೊರಗೆ ಹಾಕಲು ಮನೆಯನ್ನೇ ಮಾರಿಬಿಡುವ ಗಂಡಂದಿರಿದ್ದಾರೆ. ಇಲ್ಲವೇ ತಮ್ಮನ ಹೆಸರಿಗೆ, ತಾಯಿಯ ಹೆಸರಿಗೆ ಬರೆದುಬಿಡುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ 17ನೇ ಕಲಂ ಹೆಂಡತಿಗೆ ಸಂಸಾರ ಹೂಡಿದ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ, ಪತ್ರದಲ್ಲಿ ಅವಳ ಹೆಸರಿರಲಿ ಇಲ್ಲದಿರಲಿ. 19ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಮನೆ ಮಾರಬಾರದು, ಅಡವಿಡಬಾರದು ಎಂದು ಆದೇಶ ಮಾಡಬಹುದು. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೆ ಸೊಸೆಗೆ ಹಕ್ಕಿಲ್ಲ ಎಂದು 2006ರಲ್ಲಿ ಬಂದಿದ್ದ ತೀರ್ಪನ್ನು 2020ರ ಅಕ್ಟೋಬರ್ 15ರಂದು ಸುಪ್ರೀಂ ಕೋರ್ಟೇ ಸತೀಶ್ ಚಂದರ್ ಅಹುಜಾ ಮೊಕದ್ದಮೆಯಲ್ಲಿ ಬದಿಗೊತ್ತಿತು. ಬಾಡಿಗೆ ಮನೆಗೂ ಈ ಕಾಯಿದೆ ಅನ್ವಯಿಸುತ್ತದೆ.

ಆದರೆ ಗೆಳತಿಯರೇ, ಇದು ವಾಸದ ಹಕ್ಕು, ಮಾಲೀಕತ್ವವಲ್ಲ. ಬೇರೊಂದು ಮನೆ ಮಾಡಿಕೊಡು ಎಂದೂ ಕೋರ್ಟು ಗಂಡನಿಗೆ ಹೇಳಬಹುದು. ಪತ್ರದಲ್ಲಿ ಹೆಸರಿದ್ದರೆ ಯಾರೂ ಅವಳ ಸಹಿಯಿಲ್ಲದೆ ಅವಳ ಪಾಲನ್ನು ಮಾರಲಾರರು. ಕೋರ್ಟಿನಿಂದ ತಡೆ ತರುವುದಕ್ಕಿಂತ ಅದು ಗಟ್ಟಿ.

'ನಂಬಿಕೆ ಇಲ್ಲವೇ?'

ಹೆಸರು ಸೇರಿಸು ಎಂದು ಕೇಳಿದರೆ ಬರುವ ಉತ್ತರ ಇದು. ಅಣ್ಣತಮ್ಮಂದಿರು ನಂಬಿಕೆಯಿದ್ದೂ ಪಾಲುಪತ್ರ ಮಾಡಿಕೊಳ್ಳುತ್ತಾರೆ. ಬ್ಯಾಂಕು ನಂಬಿಯೇ ಸಾಲ ಕೊಟ್ಟರೂ ಪತ್ರ ಇಟ್ಟುಕೊಳ್ಳುತ್ತದೆ. ಗಂಡಸರ ನಡುವೆ ಪತ್ರ ವ್ಯವಹಾರಜ್ಞಾನವಾದರೆ ಹೆಂಗಸು ಕೇಳಿದಾಗ ಮಾತ್ರ ಅದು ಅಪನಂಬಿಕೆ ಹೇಗಾಗುತ್ತದೆ?

ಪತ್ರದಲ್ಲಿ ಹೆಸರು ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಂದು ನಾನು ಹೇಳುವುದಿಲ್ಲ. ಸಾಲಗಾರರಿಂದ ತಪ್ಪಿಸಿಕೊಳ್ಳಲು ಹೆಂಡತಿಯ ಹೆಸರಿಗೆ ಮನೆ ಮಾಡಿ, ಆಮೇಲೆ ಅದನ್ನು ವಾಪಸು ಬರೆಸಿಕೊಳ್ಳಲು ಅವಳಿಗೆ ಹೊಡೆಯುವವರಿದ್ದಾರೆ. ಹೆಸರು ಅವಳದು, ಪತ್ರದ ಪೆಟ್ಟಿಗೆಯ ಬೀಗದ ಕೈ ಅವನದು. ಆದ್ದರಿಂದ ಪತ್ರದ ದೃಢೀಕೃತ ನಕಲು ತೆಗೆಸಿ ತವರಿನಲ್ಲೋ ನಂಬಿಕಸ್ತ ಗೆಳತಿಯ ಬಳಿಯೋ ಇಟ್ಟಿರಬೇಕು. ನೋಂದಣಿ ಕಚೇರಿಯಲ್ಲಿ ಶುಲ್ಕ ಕಟ್ಟಿದರೆ ನಕಲು ಕೊಡುತ್ತಾರೆ.

ಇನ್ನೂ ಒಂದು ವಿಷಯ ನಮಗೆ ಹೊಳೆಯುವುದೇ ಇಲ್ಲ. ಹಿಂದೂ ಹೆಣ್ಣುಮಗಳು ದುಡಿದು ಕೊಂಡ ಮನೆ ಅವಳದೇ ಪೂರ್ಣ ಆಸ್ತಿ, ಸರಿ. ಅವಳು ಉಯಿಲು ಬರೆಯದೆ ಸತ್ತರೆ, ಮಕ್ಕಳೂ ಗಂಡನೂ ಇಲ್ಲದಿದ್ದರೆ, ಆ ಮನೆ ಹೋಗುವುದು ಗಂಡನ ವಾರಸುದಾರರಿಗೆ. ಅವಳನ್ನು ಹೊರಗೆ ಹಾಕಿದ ಮನೆಯವರಿಗೇ ಮೊದಲ ಸರದಿ, ಹೆತ್ತ ತಾಯಿಗೆ ಆಮೇಲೆ! ಇದನ್ನು ತಪ್ಪಿಸಲು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದ ಒಂದು ಉಯಿಲು ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ನಾವು ಕೇಳಬೇಕಾದದ್ದು

ದೆಹಲಿ ಮತ್ತು ಹರಿಯಾಣದಲ್ಲಿ ಹೆಂಗಸಿನ ಹೆಸರಿಗೆ ಮನೆ ನೋಂದಾಯಿಸಿದರೆ ಮುದ್ರಾಂಕ ಶುಲ್ಕ ಶೇಕಡಾ 2ರಷ್ಟು ಕಡಿಮೆ. ಪಕ್ಕದ ಮಹಾರಾಷ್ಟ್ರ 2021ರಿಂದ ಶೇಕಡಾ 1ರಷ್ಟು ಬಿಟ್ಟಿದೆ. ಕರ್ನಾಟಕದಲ್ಲಿ ಗಂಡಸು ಕೊಂಡರೂ ಹೆಂಗಸು ಕೊಂಡರೂ ಶುಲ್ಕ ಒಂದೇ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ ಶೇಕಡಾ 1ರಿಂದ 2ಕ್ಕೆ ಏರಿದೆ. ಹೆಣ್ಣುಮಕ್ಕಳಿಗೆ ಆಸ್ತಿಹಕ್ಕು ಕೊಡುವುದರಲ್ಲಿ ದೇಶಕ್ಕಿಂತ 11 ವರ್ಷ ಮುಂದಿದ್ದ ರಾಜ್ಯ ಇಲ್ಲಿ ಹಿಂದೆ ಬೀಳಬಾರದು. ಹೆಂಗಸರ ಹೆಸರಿನ, ಜಂಟಿ ಹೆಸರಿನ ನೋಂದಣಿಗೆ ರಿಯಾಯಿತಿ ಬೇಕೆಂದು ನಮ್ಮ ಒಕ್ಕೂಟಗಳು ಕೇಳಬೇಕು. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಡವರ ಮನೆ ಹೆಂಗಸಿನ ಹೆಸರಿನಲ್ಲೋ ಜಂಟಿಯಾಗಿಯೋ ಇರಬೇಕೆಂದು ನಿಯಮ ಮಾಡಲು ಸಾಧ್ಯವಾಯಿತು. ಹೆಂಡತಿಯ ಸಹಿ ಪಡೆದು ಕೊಡುವ ಬ್ಯಾಂಕ್ ಸಾಲಕ್ಕೂ ಅಂಥ ನಿಯಮ ಏಕಾಗಬಾರದು?

ಸರ್ಕಾರ ಕೇಳುವವರೆಗೆ ಕಾಯಬೇಕಿಲ್ಲ. ಪ್ರತಿ ಸಂಘವೂ ವರ್ಷಕ್ಕೊಂದು ಸಭೆಯನ್ನು ಪತ್ರ ಓದುವುದಕ್ಕೇ ಮೀಸಲಿಡಲಿ. ಸದಸ್ಯೆಯರು ತಮ್ಮ ಮನೆಯ ಪತ್ರದ ಜೆರಾಕ್ಸ್ ತರಲಿ. ಅಕ್ಷರ ಬಲ್ಲ ಹುಡುಗಿಯರು ಗಟ್ಟಿಯಾಗಿ ಓದಲಿ. ಗೊತ್ತಾಗದ್ದನ್ನು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ವಕೀಲರಿಗೆ ಕೇಳೋಣ. 1987ರ ಕಾಯಿದೆಯಂತೆ ಹೆಂಗಸರಿಗೆ ಅಲ್ಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಮುಂದಿನ ಸಭೆಗೆ ಬರುವಾಗ ಉಳಿತಾಯದ ಪುಸ್ತಕದ ಜೊತೆ ಆ ಪತ್ರವನ್ನೂ ತನ್ನಿ. ಮನೆಯಲ್ಲಿ ಕೊಡುವುದಿಲ್ಲ ಎಂದರೆ ಅದನ್ನೂ ಬಂದು ಹೇಳಿ. ಅಲ್ಲಿಂದಲೇ ನಮ್ಮ ಕೆಲಸ ಆರಂಭವಾಗುತ್ತದೆ.